ನೀರೊಳಗಿನ ಗಿಡಕ್ಕೆ ಹನ್ನೆರಡು ದಿನದ ಜ್ವರ

ಬೆಳಗಿನ ಐದು ಗಂಟೆ. ಮಾಸ್ತಿಯಿಂದ ಎರಡು ಮೈಲಿ ಆಚೆ, ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡಂತಿರುವ ಹಳೆಯ ರೇಷ್ಮೆ ಹುಳುಮನೆಯಲ್ಲಿ ಭಾರತಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದರಲ್ಲಿ ಟೀ ಲೋಟದಷ್ಟೇ ಇರುವ ಕರೀ ಪ್ಲಾಸ್ಟಿಕ್ ಕುಂಡ. ಕುಂಡದ ಮೈತುಂಬ ತೂತು, ಒಳಗೆ ಮಣ್ಣಿನ ಬದಲು ಹತ್ತಿಯಂಥ ಕಲ್ಲುನಾರು, ಅದರ ನಡುವಿನಿಂದ ಎದ್ದ ಗಿಡಕ್ಕೆ ಆರೇಳು ಎಲೆ. ಒಂದೊಂದು ಎಲೆಯನ್ನೂ ಮಗುಚಿ ನೋಡುತ್ತಾರೆ. ಹುಡುಕುತ್ತಿರುವುದು ಬಸವನಹುಳುವಿನ ಮೊಟ್ಟೆಯನ್ನು. ಸಾಸಿವೆಗಿಂತ ಸಣ್ಣದಾದ ಲೋಳೆಯ ಚುಕ್ಕಿ ಅದು. ಕಣ್ತಪ್ಪಿ ಒಂದು ಹೋದರೂ ಕೊಂಡವರ ಮನೆಯ ಮೀನಿನ ತೊಟ್ಟಿಯಲ್ಲಿ ತಿಂಗಳೊಳಗೆ ಬಸವನಹುಳುಗಳ ಸಂತೆ ನೆರೆಯುತ್ತದೆ.

ಗಂಟೆಗೆ ನೂರು ಕುಂಡ ನೋಡಿ ಮುಗಿಸುವ ಕೈ ಇವತ್ತು ಮೂವತ್ತಕ್ಕೇ ತಡವರಿಸುತ್ತಿದೆ. ಅದಕ್ಕೆ ಕಾರಣ ಆ ಮೊಬೈಲು. ಐದೂವರೆಗೆ ಸರಿಯಾಗಿ ಅದು ಗುಂಯ್ ಅನ್ನುತ್ತದೆ. ಮುಳಬಾಗಿಲಿನ ಆಡಿಟರ್ ವೆಂಕಟೇಶ ಅವರು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಆಮೇಲೆ ಮಾಡುವ ಮೊದಲ ಕೆಲಸವೆಂದರೆ ಭಾರತಮ್ಮನಿಗೆ ಒಂದು ಫೋಟೊ ಕಳಿಸುವುದು. ಒಂದು ವಾರದಿಂದ ಇದೇ ಪಾಡು. ಫೋಟೊದಲ್ಲಿ ಅವರ ಆಫೀಸಿನ ಆರಡಿ ಉದ್ದದ ಗಾಜಿನ ತೊಟ್ಟಿ, ಅದರೊಳಗೆ ಭಾರತಮ್ಮ ಬೆಳೆದು ಕೊಟ್ಟ ನೂರ ಇಪ್ಪತ್ತು ಕುಂಡ. ತೊಟ್ಟಿಗಿಳಿದ ದಿನ ಹಸಿರಾಗಿ ನಳನಳಿಸುತ್ತಿದ್ದ ಎಲೆಗಳು ಈಗ ಬೇಯಿಸಿದ ಸೊಪ್ಪಿನ ಹಾಗೆ ಕರಗಿ, ಕಂದಾಗಿ, ನೀರಿನಲ್ಲಿ ತೇಲುತ್ತಿವೆ.

ಫೋನು ಗುಂಯ್ ಅಂದಿತು. ಇವತ್ತು ಫೋಟೊದ ಕೆಳಗೆ ಎರಡು ಸಾಲೂ ಇವೆ. ನಾಳೆ ಪ್ಲಾಸ್ಟಿಕ್ ಗಿಡ ಹಾಕಿಸುತ್ತಿದ್ದೇವೆ, ಬಂದು ನಿಮ್ಮ ಕುಂಡ ತೆಗೆದುಕೊಂಡು ಹೋಗಿ. ಭಾರತಮ್ಮ ಅದನ್ನು ಎರಡು ಸಲ ಓದಿ, ಕುಂಡವನ್ನು ತಟ್ಟೆಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ತಕ್ಷಣ ಅವರು ಫೋನು ಮಾಡುವುದು ಕದಿರೇಶನಿಗೆ. ಮುಳಬಾಗಿಲಿನಲ್ಲಿ ಸಾಕುವ ಮೀನಿನ ಅಂಗಡಿ ಇಟ್ಟಿರುವವನು, ಈ ತೊಟ್ಟಿಯನ್ನು ನೋಡಿಕೊಳ್ಳುವವನು, ಆಡಿಟರನ್ನು ಒಪ್ಪಿಸಿ ಭಾರತಮ್ಮನಿಗೆ ಈ ಕೆಲಸ ಕೊಡಿಸಿದವನೂ ಅವನೇ.

"ಕದಿರೇಶ, ಗಾಜಿನ ಮೇಲೆ ನನ್ನ ಹೆಸರಿನ ಚೀಟಿ ಅಂಟ್ಸಿದೀಯಲ್ಲ, ಅದನ್ನ ಕಿತ್ಬಿಡಪ್ಪ. ಯಾರೂ ನೋಡೋದು ಬೇಡ."

ಇಷ್ಟು ಹೇಳಿ ಫೋನಿಡುತ್ತಾರೆ. ಆ ಚೀಟಿಗಾಗಿ ಅವರು ಆರು ವರ್ಷ ಕಾದಿದ್ದರು.

ನಲವತ್ತೇಳರ ಭಾರತಮ್ಮ ಹುಟ್ಟಿದ್ದೂ ರೇಷ್ಮೆ ಸಾಕುವ ಮನೆಯಲ್ಲಿ, ಮದುವೆಯಾಗಿ ಸೇರಿದ್ದೂ ಅಂಥದೇ ಮನೆಗೆ. ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಕಸ ತೆಗೆದು ಬೆಳೆದವರು. ನಡುವೆ ನಾಲ್ಕು ವರ್ಷ ಮಾಲೂರಿನ ಹತ್ತಿರದ ಒಂದು ನರ್ಸರಿಗೆ ಕೂಲಿಗೆ ಹೋದರು. ಅಲ್ಲಿ ಬೆಳೆಯುತ್ತಿದ್ದುದು ಮೀನಿನ ತೊಟ್ಟಿಯೊಳಗೆ ಇಡುವ ಗಿಡ. ನೀರಿನಲ್ಲಿ ಬದುಕುವ ಗಿಡವನ್ನೂ ಕುಂಡದಲ್ಲಿ ಬೆಳೆಯುತ್ತಾರೆಂದು ಅವರು ಕಂಡದ್ದು ಅಲ್ಲೇ. ನರ್ಸರಿ ಬಾಗಿಲು ಹಾಕಿದ ದಿನ ಮಾಲೀಕರು ಮಿಕ್ಕಿದ್ದನ್ನು ಗುಂಡಿಗೆ ಸುರಿಯಿರಿ ಅಂದರು. ಭಾರತಮ್ಮ ಸುರಿಯಲಿಲ್ಲ. ನಲವತ್ತು ಕುಂಡ ಎರಡು ಬಕೆಟ್ಟಿನಲ್ಲಿಟ್ಟುಕೊಂಡು ಮಾಸ್ತಿ ಬಸ್ಸು ಹತ್ತಿದರು. ಕಂಡಕ್ಟರು ಅದಕ್ಕೂ ಟಿಕೆಟ್ಟು ಹರಿದನೆಂದು ಈಗಲೂ ನಗುತ್ತಾರೆ.

ಮನೆಯಲ್ಲಿ ಆಗಷ್ಟೇ ಹುಳು ಸಾಕುವುದನ್ನು ಬಿಟ್ಟು ಸೊಪ್ಪನ್ನಷ್ಟೇ ಬೇರೆಯವರಿಗೆ ಕೊಡಲು ಶುರು ಮಾಡಿದ್ದರು. ಗಂಡ ಮುನಿಕೃಷ್ಣಪ್ಪ ಹೆಚ್ಚು ಮಾತಿನವರಲ್ಲ. ಖಾಲಿ ಬಿದ್ದ ಹುಳುಮನೆಯ ಬೀಗದ ಕೈಯನ್ನು ಹೆಂಡತಿಯ ಕೈಗೆ ಕೊಟ್ಟರು, ಅಷ್ಟೇ. ಅತ್ತೆ ಅಕ್ಕಯಮ್ಮನಿಗೆ ಮಾತ್ರ ಇದು ಇವತ್ತಿಗೂ 'ಗಡ್ಡಿ'. ಮನೆಮಾತು ತೆಲುಗಿನಲ್ಲಿ ಹುಲ್ಲಿಗೆ ಹಾಗನ್ನುತ್ತಾರೆ. ದುಡ್ಡು ಕೊಟ್ಟು ಹುಲ್ಲು ಕೊಂಡು ನೀರಲ್ಲಿ ಮುಳುಗಿಸುವ ಜನರೂ ಇದ್ದಾರಲ್ಲ ಎಂದು ಆಕೆ ಬಂದವರೆದುರಿಗೆಲ್ಲ ಬೆರಗಾಗುತ್ತಾರೆ. ಹಾಗನ್ನುತ್ತಲೇ ಮಧ್ಯಾಹ್ನ ಸೊಸೆ ಮಲಗಿದರೆ ತಾವೇ ಎದ್ದುಹೋಗಿ ಗಿಡಕ್ಕೆ ನೀರು ಚಿಮುಕಿಸಿ ಬರುವುದೂ ಉಂಟು.

ಹುಳುವಿನ ತಟ್ಟೆಗಳಿದ್ದ ಅಟ್ಟಣಿಗೆಯ ಮೇಲೆ ಈಗ ಅರವತ್ತನಾಲ್ಕು ಟ್ರೇ, ಒಂದೊಂದರಲ್ಲಿ ಐವತ್ತು ಕುಂಡ. ಕುಂಡದ ಬುಡ ಮಾತ್ರ ನೀರಿನಲ್ಲಿ, ಎಲೆಯೆಲ್ಲ ಹೊರಗೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಳಗೆ ತೇವ ಹಿಡಿದಿಡಬೇಕು. ಮೂರು ಗಂಟೆಗೊಮ್ಮೆ ನೀರು ಚಿಮುಕಿಸಬೇಕು, ಬೇಸಿಗೆಯಲ್ಲಿ ಎರಡು ಗಂಟೆಗೆ. ಬೋರಿನ ನೀರು ಗಡುಸು, ಎಲೆ ಮೇಲೆ ಬಿಳೀ ಕಲೆ ಕೂರಿಸುತ್ತದೆ. ಅದಕ್ಕೇ ಮಾಡಿನ ಮಳೆನೀರನ್ನು ನೆಲದಡಿಯ ತೊಟ್ಟಿಗೆ ಇಳಿಸಿ ಅದರಲ್ಲಿ ವರ್ಷ ತಳ್ಳುತ್ತಾರೆ. ಒಂದು ಕುಂಡ ಮಾರುವಷ್ಟಾಗಲು ಮೂರೂವರೆ ತಿಂಗಳು ಬೇಕು. ಪ್ರತಿ ಗುರುವಾರ ಇನ್ನೂರು ಕುಂಡ ಒದ್ದೆ ಪೇಪರಿನಲ್ಲಿ ಸುತ್ತಿ ಬೆಂಗಳೂರಿಗೆ ಹೋಗುತ್ತವೆ. ಆರು ವರ್ಷದಲ್ಲಿ ಯಾವ ಗುರುವಾರವೂ ತಪ್ಪಿಲ್ಲ.

ಬೆಂಗಳೂರಿಗೆ ಹೋದ ಮೇಲೆ ಆ ಗಿಡಗಳಿಗೆ ಊರೂ ಇಲ್ಲ, ಹೆತ್ತವರೂ ಇಲ್ಲ. ಒಮ್ಮೆ ನೆಂಟರ ಮದುವೆಗೆ ಹೋದಾಗ ಭಾರತಮ್ಮ ಹಾಗೇ ಒಂದು ದೊಡ್ಡ ಅಂಗಡಿಗೆ ನುಗ್ಗಿ ನೋಡಿದರು. ಗಾಜಿನ ಹಿಂದೆ ಸಾಲಾಗಿ ತಮ್ಮವೇ ಕುಂಡ. ಗುರುತು ಹೇಗೆ ಸಿಕ್ಕಿತು ಅಂದರೆ, ಎಳೇ ಗಿಡ ಅಲ್ಲಾಡದಂತೆ ಅವರು ಬುಡಕ್ಕೆ ಒಂದೆಳೆ ಕಚ್ಚಾ ರೇಷ್ಮೆ ದಾರ ಸುತ್ತುತ್ತಾರೆ. ನೂಲಿನ ದಾರದಂತೆ ಅದು ಬೇಗ ಕೊಳೆಯುವುದಿಲ್ಲ. ಹಳದಿ ದಾರ ಹಾಗೇ ಇತ್ತು, ಕುಂಡದ ಮೇಲೆ ಮಾತ್ರ ನೀಲಿ ಚೀಟಿ ಬಂದಿತ್ತು. ಅಂಗಡಿಯ ಹುಡುಗಿ, ಇದು ಸಿಂಗಾಪುರದಿಂದ ಬಂದಿದ್ದು ಮೇಡಂ, ನಮ್ಮ ಕಡೆಯವು ನಿಲ್ಲೋದಿಲ್ಲ ಎಂದು ವಿವರಿಸಿ ಹೇಳಿದಳಂತೆ.

"ಹೌದಾಮ್ಮ ಅಂದೆ, ಬಂದೆ. ಮದ್ವೆ ಊಟ ಅರ್ಧಕ್ಕೇ ಬಿಟ್ಟೆದ್ದೆ ನೋಡಿ" ಎನ್ನುತ್ತಾರೆ.

ಮುಳಬಾಗಿಲಿನ ತೊಟ್ಟಿಗೆ ಗಿಡ ಕೇಳಿದಾಗ ಅವರು ಇಟ್ಟ ಷರತ್ತು ಒಂದೇ. ರೇಟು ನಿಮ್ಮಿಷ್ಟ, ಹೆಸರು ಮಾತ್ರ ನನ್ನದಿರಲಿ. ಕದಿರೇಶ ಒಂದು ಬಿಳೀ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ 'ಗಿಡ: ಭಾರತಮ್ಮ, ಮಾಸ್ತಿ' ಎಂದು ಬರೆದು ಗಾಜಿನ ಮೂಲೆಗೆ ಅಂಟಿಸಿದ. ಅದರ ಮುಂದೆ ನಿಂತು ಅವರು ಫೋಟೊ ತೆಗೆಸಿಕೊಂಡರು. ನಾಲ್ಕನೇ ದಿನಕ್ಕೆ ಎಲೆ ಕರಗಲು ಶುರುವಾಯಿತು.

ಕರಗುವುದು ಅವರಿಗೆ ಹೊಸದಲ್ಲ. ಗಾಳಿಯಲ್ಲಿ ಬೆಳೆದ ಎಲೆ ನೀರಿನಲ್ಲಿ ಬಾಳುವುದಿಲ್ಲ. ಮುಳುಗಿಸಿದ ಮೇಲೆ ಹಳೆಯದು ಕೊಳೆತು ಹೋಗಿ, ಬುಡದಿಂದ ನೀರಿಗೆ ಒಗ್ಗುವ ಬೇರೆ ಎಲೆ ಬರಬೇಕು. ಹತ್ತು ದಿನವೋ ಹದಿನೈದು ದಿನವೋ, ಗಿಡ ಸತ್ತಂತೆಯೇ ಕಾಣುತ್ತದೆ. ಭಾರತಮ್ಮ ಇದನ್ನು ಜ್ವರ ಎನ್ನುತ್ತಾರೆ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಅನ್ನುವುದು ರೂಢಿ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಹಾಗೇ ನಿಂತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಅದನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ. ಹೊತ್ತು ಬಂದಾಗ ತಾನೇ ಪೊರೆ ಕಳಚಿ ಹಸಿದು ಏಳುತ್ತದೆ.

"ಹುಳಕ್ಕೆ ನಾಕು ಜ್ವರ, ಗಿಡಕ್ಕೆ ಒಂದೇ. ಆ ಒಂದರಲ್ಲೇ ನನ್ನ ಜೀವ ಹಿಂಡಿಬಿಡುತ್ತೆ" ಎನ್ನುವಾಗ ಅವರ ಮುಖದಲ್ಲಿ ನಗುವಿಲ್ಲ.

ಈ ಜ್ವರ ಅವರಿಗೆ ಕಲಿಸಿದ ಪಾಠವೂ ದುಬಾರಿಯದೇ. ಮೊದಲ ವರ್ಷ ಹಳೆಯ ಗಾಜಿನ ತೊಟ್ಟಿಯೊಂದರಲ್ಲಿ ಗಿಡ ಮುಳುಗಿಸಿ ನೋಡಿದರು. ಎಲೆ ಕರಗಿತು. ಓ, ಜ್ವರ ಬಂತು ಅಂದುಕೊಂಡು, ಜ್ವರದ ಹುಳುವಿನ ಮೇಲೆ ಮಾಡುವಂತೆಯೇ ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ನೀರಿನ ಮೇಲೆಲ್ಲ ಉದುರಿಸಿದರು. ಬೆಳಗಾಗುವಷ್ಟರಲ್ಲಿ ನೀರು ಹಾಲಾಗಿತ್ತು, ಬೇರು ಸಮೇತ ಎಲ್ಲ ಹೋಗಿತ್ತು. ಇಪ್ಪತ್ತು ವರ್ಷದ ಕೈ ಅಭ್ಯಾಸ, ತಲೆ ಬೇಡವೆಂದರೂ ಕೈ ಮಾಡಿಬಿಡುತ್ತದೆ. ಅಂದಿನಿಂದ ಹುಳುಮನೆಯಲ್ಲಿ ಸುಣ್ಣದ ಡಬ್ಬಿ ಇಡುವುದಿಲ್ಲ.

ಈಗ ಚಿಂತೆಗೆ ಕಾರಣ ಬೇರೆಯೇ. ಅವರ ಮನೆಯ ತೊಟ್ಟಿಯಲ್ಲಿ ಹತ್ತನೇ ದಿನಕ್ಕೆ ಚಿಗುರು ಕಾಣುತ್ತದೆ. ಮುಳಬಾಗಿಲಿನ ಫೋಟೊದಲ್ಲಿ ಅದರ ಸುಳಿವೇ ಇಲ್ಲ. ಎಲ್ಲಿ ತಪ್ಪಿದೆ? ನೀರೋ, ಬೆಳಕೋ, ತನ್ನ ಗಿಡವೇ ಬಲವಿಲ್ಲದ್ದೋ? ಬೆಂಗಳೂರಿನಲ್ಲಿ ನೀಲಿ ಚೀಟಿಯ ಕೆಳಗೆ ಸತ್ತರೆ ಬೈಗುಳ ಸಿಂಗಾಪುರಕ್ಕೆ ಹೋಗುತ್ತದೆ. ಇಲ್ಲಿ ಸತ್ತರೆ, ಬಂದುಹೋಗುವ ಊರ ಜನರೆದುರಿಗೆ ಸಾಯುವುದು ಭಾರತಮ್ಮನ ಹೆಸರು. ಆ ಹೆದರಿಕೆಯಲ್ಲಿ ಅವರಿಗೆ ಎರಡು ದಿನದಿಂದ ಮುದ್ದೆ ರುಚಿಸುತ್ತಿಲ್ಲ.

ಮರುದಿನ, ಹನ್ನೆರಡನೆಯ ದಿನ. ಮೊದಲ ಬಸ್ಸಿಗೆ ಮಾಲೂರು, ಅಲ್ಲಿಂದ ಕೋಲಾರ, ಅಲ್ಲಿಂದ ಮುಳಬಾಗಿಲು. ಕುಂಡ ವಾಪಸು ತರಲು ತೊಡೆಯ ಮೇಲೆ ಎರಡು ಖಾಲಿ ಬಕೆಟ್ಟು. ಮುನಿಕೃಷ್ಣಪ್ಪ ನಾನೂ ಬರುತ್ತೇನೆ ಅಂದಿದ್ದರು, ಭಾರತಮ್ಮನೇ ಬೇಡವೆಂದರು. ಸೋತು ಬರುವುದನ್ನು ಮನೆಯವರು ನೋಡುವುದು ಬೇಡವೆಂದು ಅವರ ಮನಸ್ಸಿನಲ್ಲಿತ್ತು.

ಆಡಿಟರ ಮನೆಯ ಮುಂದಿನ ಕೋಣೆಯೇ ಆಫೀಸು. ಒಳಗೆ ಕಾಲಿಟ್ಟ ಭಾರತಮ್ಮ ಮೊದಲು ನೋಡುವುದು ಗಾಜಿನ ಮೂಲೆಯನ್ನು. ಚೀಟಿ ಇಲ್ಲ, ಗೋಂದಿನ ಗುರುತಿದೆ. ಕದಿರೇಶ ತಲೆ ತಗ್ಗಿಸಿ ನಿಂತಿದ್ದಾನೆ, ಪಕ್ಕದ ಮೇಜಿನ ಮೇಲೆ ಕವರಿನಲ್ಲಿ ಪ್ಲಾಸ್ಟಿಕ್ ಗಿಡ. ಭಾರತಮ್ಮ ತೊಟ್ಟಿಗೆ ಮುಖ ಹತ್ತಿಸಿ ನೋಡುತ್ತಾರೆ. ಕೊಳೆತ ಎಲೆಗಳನ್ನು ಯಾರೋ ನೀಟಾಗಿ ಕತ್ತರಿಸಿದ್ದಾರೆ. ಕುಂಡಗಳು ತಾವಿಟ್ಟ ಜಾಗದಲ್ಲಿಲ್ಲ. ಕೇಳಿದರೆ ಕದಿರೇಶ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಆಡಿಟರು ದಿನಾ ಬೈಯುತ್ತಿದ್ದರು, ಅಕ್ಕನ ಹೆಸರು ಕೆಡಬಾರದೆಂದು ದಿನಾ ಅರ್ಧ ನೀರು ಬದಲಿಸಿದ, ಒಂದೊಂದೇ ಕುಂಡ ಎತ್ತಿ ಬೇರು ನೋಡಿ ಮತ್ತೆ ಇಟ್ಟ, ಎರಡು ಬಗೆಯ ಔಷಧಿಯನ್ನೂ ಹಾಕಿದ.

"ಜ್ವರಕ್ಕೆ ಕೂತಿದ್ದನ್ನ ದಿನಾ ಎಬ್ಬಿಸ್ತಿದ್ಯೇನಪ್ಪ" ಎಂದಷ್ಟೇ ಕೇಳುತ್ತಾರೆ. ಬೈಯಲು ಬಾಯಿ ಬರುವುದಿಲ್ಲ. ಮುಟ್ಟಬೇಡ ಎಂದು ಹೇಳಿದ್ದರೇ ಹೊರತು ಯಾಕೆಂದು ಹೇಳಿರಲಿಲ್ಲ. ಹುಳು ಸಾಕದ ಮನೆಯ ಹುಡುಗನಿಗೆ ತಾನಾಗಿ ಹೇಗೆ ತಿಳಿಯಬೇಕು?

ವೆಂಕಟೇಶ ಅವರು ಕೆಟ್ಟವರಲ್ಲ. ಬೇಸರ ಮಾಡ್ಕೋಬೇಡಿ, ಬರುವ ಜನ ಮೂಗು ಮುಚ್ಚಿಕೊಳ್ಳುತ್ತಿದ್ದಾರೆ ಎನ್ನುತ್ತಾರೆ. ಭಾರತಮ್ಮ ತಲೆಯಾಡಿಸಿ ಬಕೆಟ್ಟು ಕೆಳಗಿಡುತ್ತಾರೆ. ಮೊದಲ ಕುಂಡಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಒಳಗಿನಿಂದ ಆಡಿಟರ ತಾಯಿ ಜಾನಕಮ್ಮನವರ ಕೂಗು ಕೇಳಿಸುತ್ತದೆ. ಗಿಡದಾಕೆ ಬಂದಿದ್ದರೆ ಹಿತ್ತಲಿಗೆ ಬರಹೇಳು ಅಂತ.

ಹಿತ್ತಲಲ್ಲಿ ಕರಿಬೇವಿನ ನೆರಳಿಗೆ ಒಂದು ಹಳೇ ಕಲ್ಲುತೊಟ್ಟಿ. ಐದನೆಯ ದಿನ ತೀರಾ ಕೊಳೆತಿದೆಯೆಂದು ಮಗ ಎಸೆಯಲು ಹೇಳಿದ ಏಳು ಕುಂಡಗಳನ್ನು ಈ ಎಂಬತ್ತರ ಮುದುಕಿ ಅದರೊಳಗಿಟ್ಟಿದ್ದಾರೆ. ಭಾರತಮ್ಮ ಬಗ್ಗಿ ನೋಡುತ್ತಾರೆ. ಹಳೇ ಎಲೆಯೆಲ್ಲ ಹೋಗಿ ಬುಡದಲ್ಲಿ ಕಸವಾಗಿ ಕೂತಿದೆ. ಅದರ ನಡುವಿನಿಂದ, ಹಳದಿ ದಾರದ ಪಕ್ಕದಲ್ಲಿ, ತೆಳ್ಳಗೆ ಕೆಂಪುಗಂದಿನ ಎಲೆ. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಏಳಕ್ಕೆ ಏಳೂ ಎದ್ದಿವೆ.

"ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣಮ್ಮ" ಎನ್ನುತ್ತಾರೆ ಜಾನಕಮ್ಮ. "ನೀರಲ್ಲಿಟ್ಟೆ, ಸುಮ್ನಿದ್ದೆ. ನಂಗೆ ಅದಕ್ಕಿಂತ ಜಾಸ್ತಿ ಏನೂ ಗೊತ್ತಿಲ್ಲ."

"ಅಷ್ಟೇ ಅಮ್ಮ ಮಾಡ್ಬೇಕಾಗಿದ್ದು" ಎಂದವರೇ ಭಾರತಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂರುತ್ತಾರೆ. ಇಷ್ಟು ದಿನ ತಡೆದಿಟ್ಟ ಅಳು ಅಲ್ಲಿ ಬಂದುಬಿಡುತ್ತದೆ. ಜಾನಕಮ್ಮ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೈಗೆ ಕೊಡುತ್ತಾರೆ.

ಹಿಂದೆಯೇ ಬಂದ ವೆಂಕಟೇಶ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕಲ್ಲುತೊಟ್ಟಿಯನ್ನು ಬಹಳ ಹೊತ್ತು ನೋಡುತ್ತಾರೆ. ಇನ್ನು ಹತ್ತು ದಿನ ಕಾಯೋಣ ಅನ್ನುತ್ತಾರೆ. ಪ್ಲಾಸ್ಟಿಕ್ ಗಿಡ ಅಂಗಡಿಗೆ ವಾಪಸು. ತೊಟ್ಟಿಯ ಮುಚ್ಚಳ ಯಾರೂ ತೆಗೆಯಕೂಡದು, ಕದಿರೇಶನಂತೂ ಕೂಡದು. ಏಳು ಕುಂಡ ಎದ್ದವೆಂದು ಉಳಿದ ನೂರ ಹದಿಮೂರು ಏಳಲೇಬೇಕೆಂದೇನಿಲ್ಲ, ದಿನಾ ಎಬ್ಬಿಸಿದ ಗಿಡಗಳಲ್ಲಿ ಎಷ್ಟಕ್ಕೆ ಜೀವ ಉಳಿದಿದೆಯೋ ಹೇಳಲಾಗದು. ಅದು ಭಾರತಮ್ಮನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಐದೂವರೆಯ ಫೋಟೊ ಇನ್ನೂ ಹತ್ತು ಬೆಳಗು ಬರುತ್ತದೆ, ಅಲ್ಲಿಯವರೆಗೆ ಅವರಿಗೆ ನೆಮ್ಮದಿಯಿಲ್ಲ.

ಹೊರಡುವ ಮುನ್ನ ಅವರು ಕದಿರೇಶನನ್ನು ಚೀಟಿ ಎಲ್ಲಿ ಎಂದು ಕೇಳುತ್ತಾರೆ. ಅವನು ಅದನ್ನು ಎಸೆದಿರಲಿಲ್ಲ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಈಗ ಬೇಡ ಎಂದು ವೆಂಕಟೇಶ ಅವರೇ ತಡೆಯುತ್ತಾರೆ. ಎಲೆ ಬರಲಿ, ತೊಟ್ಟಿ ಚೆನ್ನಾಗಿ ಕಾಣುವಾಗ ಅಂಟಿಸೋಣ, ಸುಮ್ಮನೆ ನಿಮಗೆ ಕೆಟ್ಟ ಹೆಸರು ಯಾಕೆ ಎನ್ನುತ್ತಾರೆ. ಅವರು ಹೇಳುವುದರಲ್ಲಿ ಕಾಳಜಿಯಿದೆ. ಭಾರತಮ್ಮ ಚೀಟಿಯನ್ನು ಅಂಗೈಯಲ್ಲಿಟ್ಟು ಸುಕ್ಕು ಬಿಡಿಸುತ್ತಾರೆ.

"ಇಲ್ಲ ಸರ್, ಈಗ್ಲೇ ಅಂಟ್ಸಿ. ಕೊಳೀತಿರೋವಾಗ್ಲೂ ಅದು ನನ್ನ ಗಿಡಾನೇ."