ಡಬ್ಬಿಯಲ್ಲಿ ಉಳಿದ ಒಂದು ಪ್ಯಾಕೆಟ್

ಅವತ್ತು ಕಂಪ್ಯೂಟರಿನ ಲೆಕ್ಕದಲ್ಲಿ ಗುರೆಳ್ಳು ಚಟ್ನಿಪುಡಿ ಒಂದು ಪ್ಯಾಕೆಟ್ ಇತ್ತು. ಡಬ್ಬಿಯಲ್ಲೂ ಒಂದು ಪ್ಯಾಕೆಟ್ ಇತ್ತು. ಮೈಸೂರಿನಿಂದ ಯಾರೋ ಒಂದೇ ಪ್ಯಾಕೆಟ್ ಕೇಳಿದ್ದರು. ಲೆಕ್ಕ ಇಷ್ಟು ಸರಿಯಾಗಿ ಹೊಂದುವುದು ನಮ್ಮ ಅಂಗಡಿಯಲ್ಲಿ ಅಪರೂಪ. ಆದರೂ ಆ ಪ್ಯಾಕೆಟ್ ಕೊಡುವಂತಿರಲಿಲ್ಲ.

ಅಂಗಡಿ ಎಂದರೆ ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆ. ಬೋರ್ಡಿಲ್ಲ, ಗಿರಾಕಿಗಳು ಬರುವುದಿಲ್ಲ. ಒಮ್ಮೆ ಒಬ್ಬರು ತೆರೆದ ಬಾಗಿಲು ನೋಡಿ ಬೆಂಕಿಪೊಟ್ಟಣ ಕೇಳಿದ್ದರು, ಅದು ನಮ್ಮಲ್ಲಿರಲಿಲ್ಲ. ನಮ್ಮ ವ್ಯಾಪಾರವೆಲ್ಲ ಆನ್‌ಲೈನ್. ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ, ಒಣಕೊಬ್ಬರಿ, ಕರಿಬೇವು, ಹೀಗೆ ಆರು ಬಗೆಯ ಚಟ್ನಿಪುಡಿ. ಇಲಿಗಳ ಕಾಟಕ್ಕೆ ಪ್ಯಾಕೆಟ್‌ಗಳನ್ನು ಆರು ದೊಡ್ಡ ಸ್ಟೀಲ್ ಡಬ್ಬಿಗಳಲ್ಲಿ ಇಡುತ್ತೇವೆ. ಪುಡಿ ಮಾಡುವವಳು ಚಿಗವ್ವ, ಅಂದರೆ ನನ್ನ ಅವ್ವನ ತಂಗಿ. ಬಹಳ ವರ್ಷ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಾನು ಅಂಗಡಿ ಮಾಡೋಣ ಎಂದಾಗ ಆ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಬೇರೆಯವರು ಬಂದೂ ಆಯಿತು. ಎಣಿಸುವವಳು ನಾನು. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ. ಶಾಸನಗಳನ್ನು ಅನುಮಾನದಿಂದ ಓದುವುದನ್ನು ಎರಡು ವರ್ಷ ಕಲಿತವಳಿಗೆ ಪ್ಯಾಕೆಟ್ ಎಣಿಸುವುದು ಕಷ್ಟವಾಗಲಾರದು ಎಂದುಕೊಂಡಿದ್ದೆ.

ಯಾವ ಪುಡಿ ಎಷ್ಟಕ್ಕೆ ಇಳಿದಾಗ ಕಾಳು ತರಿಸಬೇಕು ಎಂಬುದಕ್ಕೆ ಕಂಪ್ಯೂಟರಿನಲ್ಲಿ ಒಂದು ಶೀಟ್ ಮಾಡಿದ್ದೆ. ಗುರೆಳ್ಳು ದಿನಕ್ಕೆ ಎರಡು ಪ್ಯಾಕೆಟ್ ಹೋಗುತ್ತದೆ. ಹೊಳಲು ಎಂಬ ಊರಿನಿಂದ ಕಾಳು ಬರಲು ಒಂದು ವಾರ. ಹಸನು ಮಾಡಿ, ಹುರಿದು, ಕುಟ್ಟಿ, ತುಂಬಲು ಮೂರು ದಿನ. ಹತ್ತು ದಿನಕ್ಕೆ ಇಪ್ಪತ್ತು. ಆದ್ದರಿಂದ ಇಪ್ಪತ್ತಕ್ಕೆ ಇಳಿದ ಕೂಡಲೇ ಶೀಟಿನ ಆ ಚೌಕ ಕೆಂಪಾಗುತ್ತದೆ, ನಾನು ಹೊಳಲಿಗೆ ಫೋನ್ ಮಾಡುತ್ತೇನೆ. ಅಲ್ಲಿ ಗುರೆಳ್ಳು ಬೆಳೆಯುವ ಹೆಣ್ಣುಮಗಳು ಹೊಲದಿಂದ ಬಂದ ಮೇಲೆಯೇ ಫೋನ್ ಎತ್ತುತ್ತಾಳೆ. “ಸ್ವಾಮಾರ ಬಸ್ಸಿಗೆ ಹಾಕ್ತೀನಿ ತಂಗಿ” ಎನ್ನುತ್ತಾಳೆ. ಯಾವ ಸೋಮವಾರ ಎಂದು ಹೇಳುವುದಿಲ್ಲ. ಶೀಟಿನಲ್ಲಿ ನಾನು ಬರೆದದ್ದು ಮುಂದಿನ ಸೋಮವಾರ.

ಚಿಗವ್ವನ ಪದ್ಧತಿ ಬೇರೆ. ಬೆಳಿಗ್ಗೆ ಚಹಾ ಕುಡಿದು, ಬೆರಳ ಗೆಣ್ಣಿನಿಂದ ಆರೂ ಡಬ್ಬಿಗಳನ್ನು ಒಂದು ಕಡೆಯಿಂದ ಬಡಿಯುತ್ತಾ ಬರುತ್ತಾಳೆ. “ಅಗಸಿ ಇಳದೈತಿ ನೋಡು” ಎನ್ನುತ್ತಾಳೆ. ನಾನು ಶೀಟ್ ನೋಡುತ್ತೇನೆ. ಬಹಳ ಸಲ ಅಗಸಿ ಕೆಂಪಾಗಿರುತ್ತದೆ. ಇದು ನನಗೆ ಸಮಾಧಾನ ಕೊಡಬೇಕಿತ್ತು. ಯಾಕೋ ಕೊಡುತ್ತಿರಲಿಲ್ಲ.

ಆ ತಿಂಗಳು ಎರಡು ಆರ್ಡರುಗಳು ರದ್ದಾಗಿದ್ದವು. ಮೊದಲನೆಯದು ಅಗಸಿ. ನಾನು ಲೇಬಲ್ ಪ್ರಿಂಟ್ ಮಾಡಿಸಲು ಹರಪನಹಳ್ಳಿಗೆ ಹೋಗಿದ್ದೆ. ಕೊರಿಯರ್ ಗಾಡಿ ಬಂದಾಗ ಚಿಗವ್ವ ಬೇರೆ ಆರ್ಡರುಗಳನ್ನೆಲ್ಲ ಕೊಟ್ಟು, “ಅಗಸಿ ಇಲ್ಲ” ಎಂದು ಹೇಳಿ ಕಳಿಸಿದ್ದಳು. ನಾನು ಬಂದು ನೋಡಿದರೆ ಡಬ್ಬಿಯಲ್ಲಿ ಒಂದು ಅಗಸಿ ಇತ್ತು. ಎರಡನೆಯದು ಶೇಂಗಾ. ಆ ದಿನ ನಾನು ಕರಿಬೇವಿನ ಪುಡಿಗೆ ಹುಣಸೆಹಣ್ಣು ತರಲು ಕೂಡ್ಲಿಗಿಗೆ ಹೋಗಿದ್ದೆ. ಬಂದಾಗ ಡಬ್ಬಿಯಲ್ಲಿ ಒಂದು ಶೇಂಗಾ ಇತ್ತು. ಚಿಗವ್ವನಿಗೆ ಕಣ್ಣು ಮಂಜಾಗಿರಬೇಕು ಎಂದುಕೊಂಡೆ. ಡೈರಿಯಲ್ಲಿ ಮಾತ್ರ “ನನ್ನ ಎಣಿಕೆ ತಪ್ಪು” ಎಂದು ಬರೆದಿದ್ದೇನೆ. ಇದು ವಿನಯವೋ, ಕನ್ನಡಕದ ಮಾತು ತೆಗೆಯುವ ಧೈರ್ಯವಿಲ್ಲದ್ದೋ, ಈಗ ಹೇಳಲಾರೆ.

ನಾವು ಮಾರುವ ಜಾಲತಾಣದವರಿಂದ ಒಂದು ಪತ್ರ ಬಂತು. ಸರಕು ಇದೆಯೆಂದು ತೋರಿಸಿ ಕಳಿಸದೆ ಇರುವುದು ಒಂದೇ ತಿಂಗಳಲ್ಲಿ ಮೂರು ಸಲ ಆದರೆ ಅಂಗಡಿಯ ಪುಟವನ್ನು ಒಂದು ತಿಂಗಳು ಮುಚ್ಚಲಾಗುವುದು ಎಂದು ಅದರಲ್ಲಿತ್ತು. ಮುಂದಿನ ತಿಂಗಳು ದಸರೆ. ವರ್ಷದ ವ್ಯಾಪಾರದ ದೊಡ್ಡ ಪಾಲು ದಸರೆಗೂ ದೀಪಾವಳಿಗೂ ನಡುವೆ ಆಗುವುದು. ಪುಟ ಮುಚ್ಚಿದರೆ ಚಿಗವ್ವನಿಗೆ ವಾಪಸು ಹೋಗಲು ಬಿಸಿಯೂಟದ ಒಲೆಯೂ ಇರಲಿಲ್ಲ. ಇದನ್ನು ಅವಳಿಗೆ ಹೇಳಿದ್ದೆ ಎಂದು ನೆನಪು. ಬಹುಶಃ ಅರ್ಧ ಹೇಳಿದ್ದೆ.

ಆ ಮಂಗಳವಾರ ಬೆಳಿಗ್ಗೆ ಮೈಸೂರಿನ ಆರ್ಡರು ಬಂತು. ಹಿಂದಿನ ದಿನದ ಬಸ್ಸಿಗೆ ಹೊಳಲಿನ ಚೀಲ ಬಂದಿರಲಿಲ್ಲ, ಅವಳು ಹೇಳಿದ್ದು ಆ ಸೋಮವಾರವಲ್ಲ ಎಂಬುದು ಅಷ್ಟರಲ್ಲಿ ಖಚಿತವಾಗಿತ್ತು. ಗಾಡಿ ಬರುವುದು ಮೂರು ಗಂಟೆಗೆ.

“ಚಿಗವ್ವಾ, ಗುರೆಳ್ಳು ಒಂದು ತಗದು ಕೊಡು. ಮೈಸೂರಿಗೆ ಹೋಗಬೇಕು” ಎಂದೆ.

“ಇಲ್ಲ.”

“ಐತಲ್ಲ, ಡಬ್ಬ್ಯಾಗ.”

“ಅದು ಕಡೀದು.”

“ಕಡೀದಾದ್ರ ಏನಾತು?”

“ಕಡೀದು ಡಬ್ಬ್ಯಾಗ ಇರ್ತೈತಿ. ಹೊಸಾವು ಬಂದ ಮ್ಯಾಲೆ ಮೊದ್ಲು ಅದು ಹೋಗ್ತೈತಿ.”

ನನಗೆ ಆಗ ಅಗಸಿ ಮತ್ತು ಶೇಂಗಾ ನೆನಪಾದವು. “ಅವೂ ಹಿಂಗ ಇಟಗೊಂಡಿದ್ದ್ಯಾ?”

“ಮತ್ತ? ಬರೇ ಡಬ್ಬಿ ಸಾಲಾಗಿ ಇಡಾಕ ಇದೇನು ಪಾತ್ರಿ ಅಂಗಡ್ಯಾ?”

“ನನಗ್ಯಾಕ ಹೇಳಲಿಲ್ಲ?”

“ನೀ ದಿನಾ ಎಣಸ್ತಿದ್ದಿ. ಗೊತ್ತೈತಿ ಅಂದ್ಕೊಂಡಿದ್ನಿ.”

ಗೊತ್ತಿರಬೇಕಿತ್ತು. ನಮ್ಮ ಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯನ್ನು ಯಾರೂ ತಳ ಕಾಣುವಂತೆ ಕೆರೆಯುವುದಿಲ್ಲ. ಬೀಸಿದ ಹೊಸ ಹಿಟ್ಟು ಬರುವವರೆಗೆ ಒಂದು ಹಿಡಿ ಉಳಿಯಲೇಬೇಕು. ಬರಿದಾದ ಡಬ್ಬಿಗೆ ತುಂಬುವುದು ಬೇರೆ, ಉಳಿದದ್ದರ ಮೇಲೆ ತುಂಬುವುದು ಬೇರೆ. ಅಕ್ಕಿಗೂ ಇದೇ, ಬೇಳೆಗೂ ಇದೇ. ಹುಟ್ಟಿದಾಗಿನಿಂದ ನೋಡಿದ್ದೇನೆ. ಬಾರ್‌ಕೋಡ್ ಇರುವ ಪ್ಯಾಕೆಟ್‌ಗೂ ಇದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ, ಅಷ್ಟೆ. ಆರು ಡಬ್ಬಿಗಳಲ್ಲಿ ಮಾರಲಾರದ ಆರು ಪ್ಯಾಕೆಟ್‌ಗಳನ್ನು ನಾನು ಮೊದಲ ದಿನದಿಂದಲೂ ಶ್ರದ್ಧೆಯಿಂದ ಎಣಿಸುತ್ತಾ ಬಂದಿದ್ದೆ.

“ಇದೊಂದು ಹೋಗಲಿಲ್ಲಂದ್ರ ಅಂಗಡಿ ಮುಚ್ಚತಾರ ಚಿಗವ್ವಾ” ಎಂದೆ.

“ಯಾರು?”

“ಕಂಪ್ನ್ಯಾರು.”

“ಅವರೇನು ಡಬ್ಬಿ ಬರೇ ಇಡ್ತಾರ?”

“ಅವರ ಹತ್ರ ಡಬ್ಬೀನ ಇಲ್ಲ.”

“ಡಬ್ಬಿ ಇಲ್ಲದಾರ ಮಾತು ಕಟಗೊಂಡು ನಾವೇನು ಮಾಡೂದು?” ಎಂದು ಒಳಗೆ ಹೋದಳು.

ಎರಡು ಗಂಟೆ ದಾಟಿದ ಮೇಲೆ ಒಣಮೆಣಸಿನಕಾಯಿಯ ಚೀಲ ಬಗಲಿಗೆ ಇಟ್ಟುಕೊಂಡು ಗಿರಣಿಗೆ ಹೊರಟಳು. ಹೊಸ್ತಿಲಲ್ಲಿ ನಿಂತಳು. “ಗಿರಣಿಗೆ ಹೊಂಟೀನಿ. ಏನರ ಕೇಳೂದೈತೇನು?”

“ಏನಿಲ್ಲ, ಹೋಗಿ ಬಾ” ಎಂದೆ. ಗಿರಣಿಯಿಂದ ಏನಾದರೂ ತರಬೇಕೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆನೋ, ಅಥವಾ ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತೋ.

ಇಲ್ಲಿಂದ ಮುಂದಕ್ಕೆ ನನ್ನ ಬಳಿ ಎರಡು ಆಧಾರಗಳಿವೆ. ಎರಡೂ ನನ್ನವೇ, ಮತ್ತು ಒಂದಕ್ಕೊಂದು ಒಪ್ಪುವುದಿಲ್ಲ.

ನೆನಪು ಹೇಳುವುದು ಇದು: ಗಾಡಿಯ ಸದ್ದಾಯಿತು. ಗುರೆಳ್ಳಿನ ಡಬ್ಬಿ ತೆಗೆದು, ಪ್ಯಾಕೆಟ್ ಎತ್ತಿ, ರಟ್ಟಿನ ಡಬ್ಬದಲ್ಲಿಟ್ಟು ಟೇಪ್ ಹಚ್ಚಿದೆ. ಟೇಪ್ ಎರಡು ಸಲ ಸೊಟ್ಟ ಹತ್ತಿತು. ಕೊರಿಯರ್ ಅಣ್ಣಾರು ಹಗರಿಬೊಮ್ಮನಹಳ್ಳಿಯಿಂದ ಬರುವವರು, ಐವತ್ತು ದಾಟಿದವರು, ಮೊದಲು ಲಾರಿ ಮೆಕ್ಯಾನಿಕ್ ಆಗಿದ್ದವರು. ಎಂಜಿನ್ ನೋಡುವ ಹಾಗೆಯೇ ಮುಖ ನೋಡುತ್ತಾರೆ.

“ಯಾಕ್ರಿ ಅಕ್ಕಾರ, ಮಾರಿ ಸಣ್ಣದಾಗೈತಿ?”

“ಬಿಸಿಲ್ರಿ ಅಣ್ಣಾರ.”

“ನೆಳ್ಳಾಗ ನಿಂತೀರಲ್ರಿ” ಎಂದು ಡಬ್ಬ ಸ್ಕ್ಯಾನ್ ಮಾಡಿ ಹೋದರು.

ಡೈರಿ ಹೇಳುವುದು ಇದು: “ಗುರೆಳ್ಳು 1, ಮೈಸೂರು. ಚಿಗವ್ವನನ್ನು ಕೇಳಿ ಕಳಿಸಿದೆ.”

ಅಕ್ಷರ ನನ್ನದೇ. ಶಾಯಿಯೂ ಆ ದಿನದ್ದೇ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ವ್ಯತ್ಯಾಸವಿಲ್ಲ. ಘಟನೆ ನಡೆದ ಕಾಲದಲ್ಲೇ ಬರೆದ ದಾಖಲೆಯನ್ನು ವರ್ಷದ ನಂತರದ ನೆನಪಿಗಿಂತ ಹೆಚ್ಚು ನಂಬಬೇಕು ಎಂದು ನಮಗೆ ಕಲಿಸಿದ್ದರು. ಅದು ಒಳ್ಳೆಯ ನಿಯಮ. ಆದರೆ ಈ ದಾಖಲೆ ಬರೆದವಳನ್ನು ನಾನು ಬಲ್ಲೆ.

ಚಿಗವ್ವ ಗಿರಣಿಯಿಂದ ಬಂದು, ಮೆಣಸಿನಪುಡಿಯ ಘಾಟಿಗೆ ಸೀನುತ್ತಾ ಕೈಕಾಲು ತೊಳೆದುಕೊಂಡಳು. ಗುರೆಳ್ಳಿನ ಡಬ್ಬಿಗೆ ಗೆಣ್ಣಿನಿಂದ ಬಡಿದಳು. ಒಂದೇ ಸಲ. ಅಡುಗೆಮನೆಗೆ ಹೋಗಿ ಕಾಗದದ ಸಣ್ಣ ಪೊಟ್ಟಣವೊಂದನ್ನು ತಂದು ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಒಂದು ಹಿಡಿ ಜೋಳವಿರಬೇಕು ಎಂದುಕೊಂಡೆ. ಸಂಜೆ ಎಂದಿನಂತೆ ರೊಟ್ಟಿ ಬಡಿದಳು. ಎಂದಿಗಿಂತ ಜೋರಾಗಿ ಬಡಿದಳು ಎಂದು ನೆನಪು. ಇದನ್ನು ನಾನು ಆಮೇಲೆ ಸೇರಿಸಿಕೊಂಡಿರುವ ಸಾಧ್ಯತೆ ಇದೆ.

ಪಾರ್ಸೆಲ್ ಮೈಸೂರು ಮುಟ್ಟಿತು. ಪುಟ ಮುಚ್ಚಲಿಲ್ಲ. ಕೊಂಡವರು “ಪ್ಯಾಕಿಂಗ್ ಗಟ್ಟಿಯಾಗಿದೆ” ಎಂದು ಬರೆದರು. ಪುಡಿಯ ಬಗ್ಗೆ ಏನೂ ಬರೆದಿರಲಿಲ್ಲ. ಹೊಳಲಿನ ಚೀಲ ಅದರ ಮುಂದಿನ ಸೋಮವಾರ ಬಂತು.

ಆ ವಾರವೇ ಶೀಟಿನಲ್ಲಿ ಒಂದು ಕಾಲಂ ಸೇರಿಸಿದೆ. ಹೆಸರು “ಕೊಡದಿರುವುದು”. ಆರೂ ಸಾಲಿನಲ್ಲಿ ಒಂದೊಂದು. ಎಣಿಸಿದ್ದರಲ್ಲಿ ಅದನ್ನು ಕಳೆದು ಉಳಿದದ್ದು ಮಾತ್ರ ಜಾಲತಾಣಕ್ಕೆ ಹೋಗುತ್ತದೆ. ಇಪ್ಪತ್ತಕ್ಕೆ ಕೆಂಪಾಗುತ್ತಿದ್ದದ್ದು ಇಪ್ಪತ್ತೊಂದಕ್ಕೆ ಆಗುವ ಹಾಗೆ ಮಾಡಿದೆ. ದಸರೆ ದಾಟಿತು, ದೀಪಾವಳಿ ದಾಟಿತು, ಒಂದು ಆರ್ಡರೂ ರದ್ದಾಗಲಿಲ್ಲ. ಆ ಕಾಲಂ ಬಗ್ಗೆಯೂ ಚಿಗವ್ವನಿಗೆ ಹೇಳಲಿಲ್ಲ. ಅವಳ ಕಟ್ಟಳೆಗೆ ಗೌರವ ಕೊಟ್ಟಿದ್ದೇನೆ ಎಂದು ನನ್ನಷ್ಟಕ್ಕೆ ಅಂದುಕೊಂಡು, ಅದನ್ನು ಮನಸ್ಸಿನ ಮುಂದೆ ಆಗಾಗ ಹಿಡಿದು ನೋಡಿಕೊಳ್ಳುತ್ತಿದ್ದೆ.

ಮೊನ್ನೆ ಇದನ್ನು ಬರೆಯಲು ಹಳೆಯ ಡೈರಿ ತೆಗೆದಾಗ ಆ ಸಾಲು ಸಿಕ್ಕಿತು. ಮೂರನೆಯ ಆಧಾರ ಪಡಸಾಲೆಯಲ್ಲೇ ಕುಳಿತು ಮೊರದಲ್ಲಿ ಗುರೆಳ್ಳು ಕೇರುತ್ತಿತ್ತು. ವರ್ಷವಿಡೀ ಅದನ್ನು ನಾನು ವಿಚಾರಿಸಿರಲಿಲ್ಲ.

“ಚಿಗವ್ವಾ, ಅವತ್ತು ಮೈಸೂರಿಗೆ ಕಡೀ ಗುರೆಳ್ಳು ಕಳಿಸಿದ್ನಲ್ಲ. ನಿನ್ನ ಕೇಳಿದ್ನಾ?”

“ಇಲ್ಲ.” ಮೊರ ನಿಲ್ಲಲಿಲ್ಲ.

“ಡೈರ್ಯಾಗ ಕೇಳೀನಿ ಅಂತ ಬರದೀನಿ.”

“ಡೈರಿ ಕೇಳಿತ್ತೇನೋ. ನೀ ಕೇಳಲಿಲ್ಲ.”

“ಸಿಟ್ಟು ಬಂದಿತ್ತಾ?”

“ಬರಲಾರದ ಏನು? ಗಿರಣಿಗೆ ಹೋಗೂಕಿಂತ ಮುಂಚೆ ನಮ್ಮ ಮನೀ ಪುಡ್ಯಾಗ ಒಂದು ಹಿಡಿ ತಗದು ಪೊಟ್ಟಣ ಕಟ್ಟಿ ಅಡಿಗಿಮನೀ ಗೂಡಿನ್ಯಾಗ ಇಟ್ಟಿದ್ನಿ. ಅದನ್ನ ಡಬ್ಬ್ಯಾಗ ಇಟ್ರ ಡಬ್ಬಿ ಬರೇ ಆಗೂದಿಲ್ಲ, ಪ್ಯಾಕೀಟು ಕೊಟ್ಟು ಕಳಿಸಬಹುದು. ಹೊಸ್ತಿಲದಾಗ ನಿಂತು ಕೇಳಿದ್ನಿ, ಏನರ ಕೇಳೂದೈತೇನಂತ. ‘ಏನಿಲ್ಲ, ಹೋಗಿ ಬಾ’ ಅಂದಿ. ಆತು ಬಿಡು ಅಂತ ಹೋದ್ನಿ.”

ಹಾಗಾದರೆ ಆ ಪೊಟ್ಟಣದಲ್ಲಿದ್ದದ್ದು ಜೋಳವಲ್ಲ. ನಾನು ವರ್ಷದಿಂದ ಜೋಳವನ್ನೇ ನೆನೆಯುತ್ತಿದ್ದೆ. ಅದರ ಕಾಳುಗಳು ಕಾಗದದೊಳಗೆ ಸರಿದಾಡಿದ ಸದ್ದು ಕೂಡ ನೆನಪಿದೆ. ಮತ್ತು ಡಬ್ಬಿಗೆ ಬೇಕಾಗಿದ್ದದ್ದು ಒಂದು ಪ್ಯಾಕೆಟ್ ಅಲ್ಲ, ಒಂದು ಹಿಡಿ. ಆರು ಪ್ಯಾಕೆಟ್‌ಗಳನ್ನು ಒಂದು ವರ್ಷ ಕಾಯ್ದವಳು ಅವಳಲ್ಲ, ನಾನು.

“ಹಂಗಾದ್ರ ಆರೂ ಡಬ್ಬ್ಯಾಗ ಒಂದೊಂದು ಪೊಟ್ಟಣ ಇಟ್ಟು, ಆ ಆರು ಪ್ಯಾಕೆಟ್ ಮಾರಬಹುದಾ?”

ಚಿಗವ್ವ ಮೊರ ಕೆಳಗಿಟ್ಟಳು. “ಈಗ ಕೇಳಾಕತ್ತೀಯೇನು?”

“ಕೇಳಾಕತ್ತೀನಿ.”

ಎದ್ದು ಹೋಗಿ ಹಳೆಯ ಪೇಪರ್ ಹರಿದು, ಆರು ಪೊಟ್ಟಣ ಕಟ್ಟಿ ತಂದಳು. ಒಂದೊಂದಾಗಿ ಡಬ್ಬಿಗಳಲ್ಲಿ ಇಟ್ಟು, ಮುಚ್ಚಳ ಹಾಕಿ, ಗೆಣ್ಣಿನಿಂದ ಬಡಿದು ನೋಡಿದಳು. ಆಮೇಲೆ ನನ್ನ ಮಡಿಲಲ್ಲಿದ್ದ ಡೈರಿಯ ಕಡೆ ಗದ್ದ ತೋರಿಸಿದಳು.

“ಮಾರು. ಇವತ್ತು ಕೇಳೀದಿ, ಬರಕೋ.”