ಕಪ್ಪು ಕಾಗದದ ಕಿಟಕಿ

ಬಿಸಿಲಿನ ಸುಳಿವೇ ಇಲ್ಲದ ಎ.ಸಿ. ಕೋಣೆಯಲ್ಲೂ ಹಾರವಾಡದ ಮಾಮ ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದೇ ಪರದೆ ನೋಡುತ್ತಿದ್ದರು. ನಾವು ಕಿಸಕ್ಕೆಂದು ನಗುತ್ತಿದ್ದೆವು. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಗುಡ್ಡದ ಮೇಲೆ ನಿಂತು, ಬಂಗಡೆ ಮೀನಿನ ಹಿಂಡು ಯಾವ ಕಡೆ ಸಾಗಿದೆಯೆಂದು ದೋಣಿಯವರಿಗೆ ಬಟ್ಟೆ ಬೀಸಿ ತೋರಿಸುತ್ತಿದ್ದವರು ಅವರು. ಆ ಅಭ್ಯಾಸ ಹೋಗಿರಲಿಲ್ಲ.

ಕಾರವಾರದ ಕಡಲೆದುರಿನ ಮಹಡಿಯಲ್ಲಿ ನಾವು ಆರು ಜನ. ಮುಳುಗುವವರನ್ನು ತಾನೇ ಗುರುತಿಸುವ ಎಐ ಕ್ಯಾಮೆರಾ ತನ್ನದೆಂದು ನಮ್ಮ ಕಂಪನಿ ಹೇಳಿಕೊಳ್ಳುತ್ತಿತ್ತು. ಅದೋ, ತೇಲುವ ತೆಂಗಿನಕಾಯಿಗೂ ಬೊಬ್ಬೆ ಹೊಡೆಯುತ್ತಿತ್ತು. ನಿಜವಾಗಿ ನೋಡುತ್ತಿದ್ದವರು ನಾವು. ನಾವು ಗುಂಡಿ ಒತ್ತಿದರೆ ದಡದಲ್ಲಿ ಸೈರನ್. ನಾವಿರುವುದು ಯಾರಿಗೂ ಕಾಣಬಾರದೆಂದು ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು.

"ಮದುವೆ ಮನೆಲಿ ಒಲೆ ಮುಂದೆ ಹೊಗೆ ಕುಡಿದವ್ರು ಒಳಗೆ, ಹೆಸರು ಬಡಿಸಿದವ್ರಿಗೆ" ಎಂದು ಮಾಮ ಗೊಣಗುತ್ತಿದ್ದರು.

ಕಿನ್ನರ ಊರಿನ ಗದ್ದೆಯಂಚಿನಲ್ಲಿ ಬೆಳೆದ ನನಗೆ ನೀರು ಓದಲು ಕಲಿಸಿದವರು ಅವರೇ. "ಅಲೆ ಒಡೆಯೂ ಕಡೆ ಹೆದರ್ಬೇಡ ತಂಗೀ. ನಡುವೆ ಸಪಾಟಾಗಿ ಕಾಣ್ತದಲ್ಲ, ಅಲ್ಲೇ ನೀರು ಒಳಗೆ ಎಳೀತದೆ. ಜನ ಇಳಿಯೂದೂ ಅಲ್ಲೇಯ."

ದೊಡ್ಡ ಅಧಿಕಾರಿಗಳು ಅತಿಥಿಗಳಾಗಿ ಕ್ಯಾಮೆರಾ ನೋಡಲು ಬಂದ ದಿನ ಮೇಲ್ವಿಚಾರಕರು ಕಟ್ಟಪ್ಪಣೆ ಮಾಡಿದರು. ಮುಳುಗುವ ನಟನೆಗೆಂದು ಬಾಡಿಗೆಗೆ ಕರೆತಂದ ಈಜುಗಾರ ಕೈ ಎತ್ತಿದಾಗ ಮಾತ್ರ ಒತ್ತಬೇಕು, ಬೇರೆ ಯಾರಿಗಾದರೂ ಒತ್ತಿದರೆ ಕೆಲಸ ಹೋಯಿತೆಂದೇ ತಿಳಿಯಿರಿ. ಹೊರಗಿನಿಂದ ಚಿಲಕ ಹಾಕಿಕೊಂಡು ದಡಕ್ಕೆ ಹೋದರು.

ನನ್ನ ಪರದೆಯಲ್ಲಿ ನೇರಳೆ ಚೂಡಿದಾರದ ಹೆಂಗಸೊಬ್ಬಳು ಆ ಸಪಾಟು ನೀರಿನಲ್ಲೇ ನಿಂತಿದ್ದಳು. ಸೊಂಟ ಮುಳುಗಿತು, ಹೆಗಲು ಮುಳುಗಿತು. ಮುಖ ದಡದ ಕಡೆಗಿತ್ತು, ದೇಹ ಹಿಂದಕ್ಕೆ ಜಾರುತ್ತಿತ್ತು. ನನಗೆ ತಿಳಿಯಿತು. ಬೆರಳು ಗುಂಡಿಯ ಮೇಲೇ ಇತ್ತು.

"ಒತ್ತು ತಂಗೀ!"

"ಬೇಡ ಮಾಮಾ, ಕೆಲ್ಸ ಹೋಗ್ತದೆ."

ಅವರು ನನ್ನ ಕೈ ಸರಿಸಿ ತಾವೇ ಒತ್ತಿದರು. ಸೈರನ್ ಕೂಗಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ದಡದ ಜೀವರಕ್ಷಕರು ತಾಲೀಮಿನಲ್ಲಿ ಮಾಡಿದಂತೆ ಬಾಡಿಗೆಯ ಈಜುಗಾರನತ್ತ ಓಡಿದರು. ಹೆಂಗಸಿನ ತಲೆ ಒಮ್ಮೆ ಮರೆಯಾಯಿತು.

ಮಾಮ ಕಪ್ಪು ಕಾಗದವನ್ನು ಪರಪರ ಹರಿದರು. ಕಿಟಕಿ ತೆರೆದು, ಹೆಗಲ ಟವೆಲ್ ತೆಗೆದು ಎಡಕ್ಕೆ, ಎಡಕ್ಕೆ ಎಂದು ಬೀಸಿದರು. ರಕ್ಷಕರೆಲ್ಲ ಮೀನುಗಾರರ ಮನೆಯವರು. ಒಬ್ಬ ತಲೆ ಎತ್ತಿ ನೋಡಿದ, ಬಟ್ಟೆ ಹೇಳುವುದು ಅವನಿಗೆ ಅರ್ಥವಾಯಿತು, ಎಡಕ್ಕೆ ತಿರುಗಿ ನೀರಿಗೆ ಹಾರಿದ. ಅಷ್ಟರಲ್ಲಿ ಅತಿಥಿಗಳೂ ಮೇಲೆ ನೋಡಿದ್ದರು. ಸಾಲಾಗಿ ಕೂತ ನಾವು ಅವರಿಗೆ ಕಂಡೆವು.

ಹೆಂಗಸು ಬದುಕಿದಳು. ಮೇಲ್ವಿಚಾರಕರು ಕೆಂಡವಾಗಿ ಮೇಲೆ ಬಂದಾಗ ಮಾಮ ನನ್ನ ಮುಂದೆ ನಿಂತರು. "ಎಲ್ಲಾ ಮಾಡಿದ್ದು ನಾನೇಯ. ಈ ತಂಗಿ ಬೇಡ ಅಂತ್ಲೇ ಹೇಳ್ತು. ಅದ್ರ ಕೆಲ್ಸ ತೆಗೂದು ಬೇಡ."

ನನ್ನನ್ನು ಉಳಿಸಲೆಂದು ಆಡಿದ ಮಾತು. ನಿಜವೂ ಅದೇ ಆಗಿದ್ದರಿಂದ ನಾನು ನಾಚಿಕೆಯಿಂದ ಸತ್ತೇಹೋದೆ. ಅಂದೇ ಅವರನ್ನು ಮನೆಗೆ ಕಳಿಸಿದರು. ನಾವು ತರಬೇತಿಗೆ ಬಂದವರೆಂದು ಅತಿಥಿಗಳಿಗೆ ಹೇಳಿದರಂತೆ. ಕ್ಯಾಮೆರಾ ಜೀವ ಉಳಿಸಿತೆಂದು ಜಾಹೀರಾತೂ ಬಂತು.

ಹೋದ ಮಳೆಗಾಲದಲ್ಲಿ ಮಾಮ ತೀರಿಕೊಂಡರು. ಹಾರವಾಡಕ್ಕೆ ಹೋಗಿ ಅವರ ಹೆಂಡತಿಯ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

"ನಂಗೆ ಗೊತ್ತಿತ್ತು" ಎಂದರು. "ಆ ತಂಗಿಗೆ ನೀರು ಓದೂಕೆ ಬರ್ತದೆ, ಕೈ ಮಾತ್ರ ಹೆದರ್ತದೆ ಅಂದಿದ್ರು."

ನಾನಿನ್ನೂ ಅಲ್ಲೇ ಇದ್ದೇನೆ. ಕಿಟಕಿಗೆ ಹೊಸ ಕಾಗದ ಬಂದಿದೆ. ಸಪಾಟು ನೀರಿನಲ್ಲಿ ಯಾರಾದರೂ ಕಂಡರೆ ಎಡಗೈ ತಾನಾಗಿ ಹುಬ್ಬಿಗೇರುತ್ತದೆ, ಬಲಗೈ ಗುಂಡಿ ಒತ್ತುತ್ತದೆ. ಯಾರನ್ನೂ ಕೇಳುವುದಿಲ್ಲ.