ಯಾ ಪಾಸಿಂಗ್ ಗಾಡಿರಿ?

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮುಂದೆ ಮಹಾರಾಷ್ಟ್ರದ ನಂಬರಿನ ಕಾರೊಂದು ಬಂದು ನಿಂತಿತು. ಮಗಳ ಮದುವೆಯ ಮಾತುಕತೆ ಮುಗಿಸಲು ಬೀಗರು ಸಾಂಗಲಿಯಿಂದ ಬಂದಿದ್ದರು. ಅವರು ಚಪ್ಪಲಿ ಬಿಡುವ ಮೊದಲೇ ಎದುರುಮನೆಯವರು ಕೇಳಿಬಿಟ್ಟರು: “ಯಾ ಪಾಸಿಂಗ್ ಗಾಡಿರಿ?” ನಮ್ಮ ಬೈಲಹೊಂಗಲದ ಕಡೆ ಗಾಡಿಯ ನೋಂದಣಿಗೆ ಪಾಸಿಂಗ್ ಎನ್ನುತ್ತೇವೆ. ಮನುಷ್ಯರಿಗೆ ಯಾವೂರು, ಯಾರ ಪೈಕಿ ಎಂದೂ ಗಾಡಿಗೆ ಯಾವ ಪಾಸಿಂಗ್ ಎಂದೂ ಕೇಳದಿದ್ದರೆ ನಮಗೆ ಚಹಾ ರುಚಿಸುವುದಿಲ್ಲ. ನಾನೂ ಇದಕ್ಕೆ ಹೊರತಲ್ಲ. ಬೀಗರ ಮುಖ ನೋಡುವ ಮೊದಲು ನಂಬರ್ ಪ್ಲೇಟನ್ನೇ ಓದಿದ್ದೆ.

ಓದಿದೊಡನೆ ತುಂಗಾ ಮಾವಶಿ ನೆನಪಾದಳು. ಆಕೆ ನನ್ನ ತಾಯಿಯ ತಂಗಿ. ಕೆಲವು ವರ್ಷಗಳ ಹಿಂದೆ ಇಂಥದೇ ಪಾಸಿಂಗಿನ ಸ್ಕೂಟರ್ ಏರಿ ಸಾಂಗಲಿಯಿಂದ ಬಂದವಳು. ಗಂಡನೊಡನೆ ಬಾಳುವೆ ಆಗಲಿಲ್ಲ. ಏಕೆಂದು ನಾವು ಕೇಳಲಿಲ್ಲ ಎಂದರೆ ಸುಳ್ಳಾದೀತು. ಕೇಳಿದೆವು, ಆಕೆ ಹೇಳಲಿಲ್ಲ. ಬಾಡಿಗೆಗೆ ಒಂದು ಕೋಣೆ ಹಿಡಿದು ಶೇಂಗಾ ಹೋಳಿಗೆ, ಅಗಸಿ ಹಿಂಡಿ ಎಂಬ ಚಟ್ನಿಪುಡಿ ಮಾಡಿ ಮಾರತೊಡಗಿದಳು. ಸ್ಕೂಟರಿನ ಮುಂದೊಂದು ಚೀಲ, ಹಿಂದೊಂದು ಡಬ್ಬಿ; ಒಂದು ದಿನ ಕಿತ್ತೂರು, ಇನ್ನೊಂದು ದಿನ ಸವದತ್ತಿ. ಸ್ಕೂಟರ್ ನಿಂತರೆ ಆಕೆಯ ಒಲೆಯೂ ನಿಂತಂತೆ.

ಹೊರರಾಜ್ಯದ ಗಾಡಿಯನ್ನು ಎಷ್ಟು ದಿನವೆಂದು ಹಾಗೇ ಓಡಿಸುವುದು? ಅಲ್ಲಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಹೊಸದಾಗಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕು. ನಮ್ಮ ಓಣಿಯ ಟೆಂಪೊ ಚಾಲಕ ದಾವಲಸಾಬ ಬುದ್ಧಿ ಹೇಳಿದ.

“ಮಾರಿ ಬಿಡ್ರಿ ಬಾಯಾರ. ಜೀವಮಾನದ ತೆರಿಗಿ ಅಲ್ಲೆ ಕಟ್ಟೀರಿ, ಮತ್ತ ಇಲ್ಲೆ ಕಟ್ಟೂದಂದ್ರ ಒಂದ ಗಾಡಿಗೆ ಎರಡ ಜೀವಮಾನ ಆಕ್ಕಾವ್ರಿ.”

“ನಂದೂ ಎರಡನೇ ಜೀವಮಾನನ ನಡದದ, ದಾವಲಸಾಬ. ಕಟ್ಟತೀನಿ. ಅಲ್ಲಿಂದು ವಾಪಸ್ ಕೊಡ್ರಿ ಅಂತನೂ ಕೇಳತೀನಿ.”

ಆದರೆ ತೊಡಕು ತೆರಿಗೆಯಲ್ಲಿರಲಿಲ್ಲ, ಹೆಸರಿನಲ್ಲಿತ್ತು. ನಮ್ಮವರಲ್ಲಿ ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರವಿ, ವರ ಅದರ ಮೇಲೆ ಉಂಗುರದಿಂದ ಮದುಮಗಳ ಹೊಸ ಹೆಸರು ಬರೆಯುತ್ತಾನೆ. ಹಾಗೆ ತುಂಗಾ ಸಾಂಗಲಿಯಲ್ಲಿ ಸುನಂದಾ ಆಗಿದ್ದಳು. ಸ್ಕೂಟರನ್ನು ತನ್ನ ದುಡಿಮೆಯಿಂದಲೇ ಕೊಂಡಿದ್ದರೂ ಕಾಗದದಲ್ಲಿದ್ದದ್ದು ಸುನಂದಾ. ಊರಿಗೆ ಮರಳಿದ ಮೇಲೆ ಆಕೆ ಮೊದಲು ಮಾಡಿದ ಕೆಲಸ, ಶಾಲೆಯ ದಾಖಲೆ ತೋರಿಸಿ ಆಧಾರ್ ಕಾರ್ಡಿನಲ್ಲಿ ತುಂಗಾ ಎಂದು ತಿದ್ದಿಸಿದ್ದು. ಅಲ್ಲಿಗೆ ಗಾಡಿ ಒಬ್ಬಳದು, ಓಡಿಸುವವಳು ಇನ್ನೊಬ್ಬಳು!

ನಾನು ಜಾಣತನ ಮೆರೆಯಲು ಮಾವಶಿಯ ಮದುವೆಯ ಅಲ್ಬಮ್ಮನ್ನೇ ಬಗಲಲ್ಲಿಟ್ಟುಕೊಂಡು ಆಕೆಯೊಡನೆ ಇಲ್ಲಿನ ಆರ್‌ಟಿಒ ಕಚೇರಿಗೆ ಹೋದೆ. ಅಕ್ಕಿಯ ಮೇಲೆ ಸುನಂದಾ ಎಂದು ಬರೆದದ್ದು ಫೋಟೊದಲ್ಲಿ ಸ್ಪಷ್ಟವಾಗಿತ್ತು. ಗುಮಾಸ್ತರು ಊಟದ ಪಂಕ್ತಿಯ ಫೋಟೊಗಳನ್ನೂ ಬಿಡದೆ ನೋಡಿ ಅಲ್ಬಮ್ ಮುಚ್ಚಿದರು.

“ಅಕ್ಕಿ ಮ್ಯಾಲೆ ಬರದದ್ದು ದಾಖಲಿ ಆಗೂದಿಲ್ರಿ. ಆಧಾರದಾಗ ತಿರುಗಿ ಸುನಂದಾ ಅಂತ ಮಾಡಿಸ್ರಿ, ಸಲೀಸ ಕೆಲಸ ಆಕ್ಕೈತಿ.”

ನನಗೂ ಅದೇ ಸರಿ ಎನಿಸಿ ಮಾವಶಿಯ ಸೆರಗು ಜಗ್ಗಿದೆ. ಆಕೆ ಸೆರಗು ಬಿಡಿಸಿಕೊಂಡಳು.

“ಅಕ್ಕಿ ಮ್ಯಾಲಿಂದು ದಾಖಲಿ ಅಲ್ಲಂದ್ರ, ಅದರಿಂದ ನನ್ನ ಹೆಸರು ಹೆಂಗ ಹೋತರಿ? ಗಾಡಿನೂ ನಂದ, ಹೆಸರೂ ನಂದ. ಎರಡೂ ಬಿಡೂದಿಲ್ಲ. ಅದಕ್ಕ ದಾರಿ ಏನದ, ಹೇಳ್ರಿ.”

ಗುಮಾಸ್ತರು ಒಳ್ಳೆಯವರು, ದಾರಿ ಹೇಳಿದರು. ನೋಟರಿಯ ಮುಂದೆ ಪ್ರಮಾಣ, ಪತ್ರಿಕೆಯಲ್ಲಿ ಪ್ರಕಟಣೆ, ಅವನ್ನು ಸಾಂಗಲಿಗೆ ಒಯ್ದು ಮೊದಲು ಅಲ್ಲಿ ಹೆಸರಿನ ತಿದ್ದುಪಡಿ, ಆಮೇಲೆ ನಿರಾಕ್ಷೇಪಣಾ ಪತ್ರ. ಇನ್ನು ಕಾಲಿಡುವುದಿಲ್ಲ ಎಂದು ಬಿಟ್ಟುಬಂದ ಊರಿಗೆ ಮಾವಶಿ ಬಸ್ಸು ಹತ್ತಿದಳು. ಸುನಂದಾ ಎಂದು ಹಳೆಯ ಸಹಿ ಹಾಕಬೇಕಾದಲ್ಲಿ ರೂಢಿಬಲದಿಂದ ತುಂಗಾ ಎಂದು ಹಾಕಿ, ಕೆಲಸ ಕೆಡಿಸಿಕೊಂಡು ಬಂದಳು. ಮತ್ತೆ ಹೋದಳು. ಕಾಗದ ಸರಿಯಾಗದೆ ಓಡಿಸುವಂತಿರಲಿಲ್ಲ, ಅಷ್ಟು ದಿನವೂ ಸ್ಕೂಟರ್ ತಾಡಪತ್ರಿಯ ಹೊದಿಕೆಯ ಕೆಳಗಿತ್ತು. ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ಸವದತ್ತಿಗೆ ಹೋಗುತ್ತಿದ್ದಳು. ಇದಕ್ಕೂ ಮೊದಲು, ತುಂಗಾ, ಸುನಂದಾ ಇಬ್ಬರೂ ಒಬ್ಬಳೇ ಎಂಬ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬಂದ ದಿನ ನಾನು ಅತ್ತಿದ್ದೆ. ಆಕೆ ಅಳಲಿಲ್ಲ, ಇನ್ನೊಂದು ಪ್ರತಿ ತಾ ಎಂದು ಅಂಗಡಿಗೆ ಅಟ್ಟಿದಳು.

ಕೊನೆಗೂ ತೆರಿಗೆ ಕಟ್ಟಿ, ಗಾಡಿ ತೋರಿಸಿ, ಹೊಸ ನಂಬರ್ ಪಡೆದಳು. ಗಾಡಿಯ ನೋಂದಣಿ ಕಾರ್ಡಿನಲ್ಲಿ ತುಂಗಾ ಎಂದೇ ಇತ್ತು. ಸಾಂಗಲಿಯ ತೆರಿಗೆ ಮಾತ್ರ ಇನ್ನೂ ಮರಳಿಲ್ಲ. ಅರ್ಜಿ ಬರೆಯುವುದನ್ನು ಆಕೆಯೂ ಬಿಟ್ಟಿಲ್ಲ.

ಇಷ್ಟೆಲ್ಲ ನೆನೆಯುತ್ತ ನಾನು ಇವತ್ತು ಬೀಗರಿಗೆ ಅವಲಕ್ಕಿ ಕೊಟ್ಟೆ. ತಿಂಡಿ ಮುಗಿದ ಮೇಲೆ ಬೀಗತಿ ನಗುತ್ತ ಕೇಳಿದರು: “ಹುಡುಗಿಗೆ ಹೆಸರು ಏನಿಡೂಣ್ರಿ? ನಾವೊಂದೆರಡು ವಿಚಾರ ಮಾಡೇವಿ.”

ನಿಮ್ಮ ಮನಸ್ಸಿಗೆ ಬಂದದ್ದು ಇಡ್ರಿ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅಡಿಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು.

“ಇದ್ದ ಹೆಸರನ್ನ ಬರೀರಿ,” ಎಂದೆ. “ಅಕ್ಕಿ ಹರವೂಣು, ಉಂಗುರ ಹಿಡಿಯೂಣು, ಎಲ್ಲಾ ಮಾಡೂಣು. ಹೆಸರು ಮಾತ್ರ ಬದಲಿ ಮಾಡೂದು ಬ್ಯಾಡ್ರಿ.”

ನಮ್ಮ ಯಜಮಾನರು ಕೆಮ್ಮಿದರು. ಬೀಗತಿ ಚಹಾದ ಕಪ್ಪು ಬಸಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು:

“ನನ್ನ ಹೆಸರು ಪದ್ಮಾ ಇತ್ತರಿ.”